ಹೊರಗಿನವರಿಗೆ ಮಾತ್ರ

ಮೆಟ್ಟಿಲು ಒಟ್ಟು 199. ಅಮ್ಮನ ಮಂಡಿನೋವು ನೆನಪಾಗಿ ಕೆಳಗಡೆಯೇ "ಬೇಡ ಬಿಡಮ್ಮ, ಕಾಫಿ ಕುಡ್ಕೊಂಡು ವಾಪಸ್ ಹೋಗೋಣ" ಅಂದೆ. "ಚಾಮುಂಡಿ ಬೆಟ್ಟ ಹತ್ತಿದೀನಿ, ಇದೇನ್ ಮಹಾ" ಅಂತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಅಮ್ಮ ಮೈಸೂರಿನಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು ಮೂರು ವಾರ ಆಗಿತ್ತು. ಮನೆಯೊಳಗೆ ಕೂತು ಕೂತು ಅವಳಿಗೂ ಬೇಜಾರು. ಒಂದು ಶನಿವಾರ ಬಸ್ಸಿನಲ್ಲಿ ವಿಟ್ಬಿಗೆ ಕರೆದುಕೊಂಡು ಹೋದೆ. ಯಾರ್ಕ್‌ಶೈರ್ ಕರಾವಳಿಯ ಸಣ್ಣ ಊರು ಅದು. ಎಸ್ಕ್ ನದಿ ಊರನ್ನು ಎರಡು ಪಾಲು ಮಾಡಿ ಸಮುದ್ರ ಸೇರುತ್ತದೆ. ಪೂರ್ವದ ಗುಡ್ಡದ ಮೇಲೆ ಸೇಂಟ್ ಮೇರಿ ಚರ್ಚು, ಅದರ ಹಿಂದೆ ಪಾಳುಬಿದ್ದ ಮಠ.

ಮೆಟ್ಟಿಲುಗಳ ನಡುನಡುವೆ ಬೆಂಚುಗಳಿವೆ. ಹಿಂದೆ ಶವಪೆಟ್ಟಿಗೆ ಹೊತ್ತು ಹತ್ತುತ್ತಿದ್ದವರು ಅದನ್ನು ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಜಾಗ. ಅಮ್ಮ ಅದರ ಮೇಲೆ ಕೂರಲಿಲ್ಲ. ನಿಂತೇ ಉಸಿರು ತೆಗೆದುಕೊಂಡಳು.

ಚರ್ಚಿನ ಒಳಗೆ ಕಾಲಿಟ್ಟಾಗ ನನಗೇ ದಾರಿ ತಪ್ಪಿದ ಹಾಗಾಯಿತು. ಹೊರಗೆ ನೋಡಿದರೆ ನಾರ್ಮನ್ ಕಾಲದ ಕಲ್ಲಿನ ಕಟ್ಟಡ. ಸುಮಾರು 1110ರಲ್ಲಿ ಕಟ್ಟಿದ್ದು. ಒಳಗೆ ಮಾತ್ರ ಹಳೇ ಹಡಗಿನ ಹೊಟ್ಟೆಯೊಳಗೆ ನಿಂತ ಹಾಗೆ! ಎಲ್ಲಿ ನೋಡಿದರೂ ಮರ. ಹಡಗು ಕಟ್ಟುವ ಬಡಗಿಗಳೇ ಇಲ್ಲಿ ಕೆಲಸ ಮಾಡಿದ್ದರು ಅನ್ನುತ್ತಾರೆ. ಮಧ್ಯೆ ಇದ್ದಿಲಿನ ದೊಡ್ಡ ಒಲೆ, ಮೇಲೆ ಮೇಣದಬತ್ತಿಯ ದೀಪಗುಚ್ಛ. ಪಾದ್ರಿ ನಿಂತು ಉಪದೇಶ ಮಾಡುವ ಪೀಠಕ್ಕೆ ಮೂರು ಅಂತಸ್ತು. 1778ರದ್ದು.

ಜನ ಕೂರುವ ಜಾಗವೂ ಸಾಲು ಬೆಂಚಲ್ಲ. ಮರದ ಗೋಡೆ ಕಟ್ಟಿ, ಬಾಗಿಲಿಟ್ಟ ಡಬ್ಬಿಗಳು. ಆ ಕಾಲದಲ್ಲಿ ಇಂಥ ಜಾಗಗಳು ಒಂದೊಂದು ಮನೆತನಕ್ಕೆ ಒಂದೊಂದು, ದುಡ್ಡು ಕೊಟ್ಟವರಿಗೆ. ಎಲ್ಲಕ್ಕಿಂತ ಎತ್ತರದ್ದು ಚಮ್ಲಿ ಮನೆತನದ್ದು. ಹುರಿ ಹೊಸೆದ ಹಾಗಿರುವ ಬಿಳಿ ಕಂಬಗಳ ಮೇಲೆ ಆ ಅಟ್ಟ ನಿಂತಿದೆ. ಗರ್ಭಗುಡಿಯ ಮುಂದಿರುವ ಹಳೇ ಕಮಾನನ್ನೇ ಅದು ಮರೆ ಮಾಡಿಬಿಟ್ಟಿದೆ. 1539ರಲ್ಲಿ ರಾಜ ಎಂಟನೇ ಹೆನ್ರಿ ಮಠ ಮುಚ್ಚಿಸಿದ ಮೇಲೆ ಅದರ ಜಮೀನು ಈ ಮನೆತನದ ಕೈಗೆ ಬಂತು. ದೇವರ ಎದುರಿಗೇ ಅಡ್ಡ ಕೂತರಲ್ಲ ಅಂತ ನನಗೆ ನಿಜಕ್ಕೂ ಸಿಟ್ಟು ಬಂತು.

ಅಷ್ಟರಲ್ಲಿ ಒಂದು ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಇಂಗ್ಲಿಷ್ ಅಕ್ಷರ ಕಣ್ಣಿಗೆ ಬಿತ್ತು. "ಹೊರಗಿನವರಿಗೆ ಮಾತ್ರ." ಅಮ್ಮನಿಗೆ ಓದಿ ಹೇಳಿದೆ.

"ಅಂದ್ರೆ ನಮಗೇ ಅಲ್ವಾ? ಬಾ, ಕೂತ್ಕೋ."

ಕೂತೆವು. ಮರ ತಣ್ಣಗಿತ್ತು. ಬಾಗಿಲ ಅಂಚು ಸವೆದು ನುಣುಪಾಗಿತ್ತು. ನಮಗಿಂತ ಮುಂಚೆ ಎಷ್ಟು ಜನ ನಾವಿಕರು, ದಾರಿಹೋಕರು ಅಲ್ಲಿ ಕೈಯಿಟ್ಟಿರಬೇಕು. ಈ ದೇಶಕ್ಕೆ ಬಂದು ಆರು ವರ್ಷದಲ್ಲಿ ನನಗಾಗಿ ಅಂತ ಹೆಸರು ಬರೆದಿಟ್ಟ ಜಾಗ ನೋಡಿದ್ದು ಅದೇ ಮೊದಲು. ಖುಷಿಯೋ ಸಂಕಟವೋ, ಗಂಟಲು ಕಟ್ಟಿತು.

ಹಾಗಂತ ಈ ಊರಿನವರೆಲ್ಲರಿಗೂ ಇಲ್ಲಿ ಜಾಗ ಇತ್ತು ಅಂತಲ್ಲ. ಹೆನ್ರಿಯ ನಂತರದ ಕಾಲದಲ್ಲಿ ಕ್ಯಾಥೊಲಿಕ್ ಪೂಜೆಗೆ ನಿಷೇಧವಿತ್ತು. ಇದೇ ಸುತ್ತಮುತ್ತ ಬಚ್ಚಿಟ್ಟುಕೊಂಡು ಕ್ಯಾಥೊಲಿಕ್ ಜನರ ಸೇವೆ ಮಾಡುತ್ತಿದ್ದ ನಿಕೋಲಸ್ ಪೋಸ್ಟ್‌ಗೇಟ್ ಅನ್ನೋ ಪಾದ್ರಿಯನ್ನು 1679ರಲ್ಲಿ ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಎಂಬತ್ತರ ಆಸುಪಾಸಿನ ಮುದುಕ. ಕ್ವೇಕರ್ ಅನ್ನೋ ಇನ್ನೊಂದು ಕ್ರೈಸ್ತ ಪಂಥದವರೂ ಬೇರೆಯಾಗಿಯೇ ಸೇರುತ್ತಿದ್ದರು. ಹೆಸರಾಂತ ನಾವಿಕ ಕ್ಯಾಪ್ಟನ್ ಕುಕ್ ಹುಡುಗನಾಗಿದ್ದಾಗ ಹಡಗಿನ ಕೆಲಸ ಕಲಿತದ್ದು ಅಂಥ ಒಬ್ಬ ಕ್ವೇಕರ್ ವ್ಯಾಪಾರಿಯ ಹತ್ತಿರ.

ಚರ್ಚಿನಿಂದ ಮಠಕ್ಕೆ ನಡೆದೆವು. ಗಾಳಿ ಅಂದ್ರೆ ಗಾಳಿ. ಅಮ್ಮನ ಸೀರೆ ಹಿಡಿಯೋದೇ ಕೆಲಸವಾಯಿತು. ಈಗ ಕಾಣುವುದು ಎರಡನೇ ಮಠದ ಗೋಡೆಗಳು. ಮೊದಲನೆಯದು 657ರಲ್ಲಿ ಶುರುವಾದದ್ದು. ನಡೆಸುತ್ತಿದ್ದವಳು ಹಿಲ್ಡ್ ಅನ್ನೋ ಹೆಂಗಸು. ಗಂಡಸರೂ ಹೆಂಗಸರೂ ಇದ್ದ ಮಠ ಅದು. ಅವಳ ಹತ್ತಿರ ಕಲಿತವರಲ್ಲಿ ಐದು ಜನ ಬಿಷಪ್ ಆದರು. ಗೊತ್ತಿದ್ದವರೆಲ್ಲ ಅವಳನ್ನು "ಅಮ್ಮ" ಅಂತಲೇ ಕರೆಯುತ್ತಿದ್ದರಂತೆ. ಇದನ್ನು ಬರೆದಿಟ್ಟವನು ಬೀಡ್ ಅನ್ನೋ ಸನ್ಯಾಸಿ, 731ರಲ್ಲಿ.

664ರಲ್ಲಿ ದೊಡ್ಡ ಸಭೆ ಸೇರಿದ್ದೂ ಇಲ್ಲೇ. ಈಸ್ಟರ್ ಹಬ್ಬ ಯಾವ ದಿನ ಅನ್ನೋದೇ ಜಗಳ. ರಾಜ ಓಸ್ವಿಯುವಿನದು ಐರಿಷ್ ಪಾದ್ರಿಗಳ ಲೆಕ್ಕ, ಕೆಂಟ್‌ನಲ್ಲಿ ಬೆಳೆದ ರಾಣಿಯದು ರೋಮ್‌ನ ಲೆಕ್ಕ. ರಾಜ ಈಸ್ಟರ್ ಊಟ ಮಾಡುತ್ತಿದ್ದರೆ ರಾಣಿ ಇನ್ನೂ ಉಪವಾಸ!

"ಸ್ಮಾರ್ತರ ಏಕಾದಶಿ ಒಂದಿನ, ವೈಷ್ಣವರದ್ದು ಮಾರನೇ ದಿನ ಬರಲ್ವಾ, ಹಾಗೇ" ಅಂದಳು ಅಮ್ಮ.

ಕೊನೆಗೆ ರಾಜ ರೋಮ್ ಕಡೆ ವಾಲಿದ. ಸ್ವರ್ಗದ ಬೀಗದಕೈ ಇರುವುದು ಸಂತ ಪೀಟರನ ಹತ್ತಿರ, ಅವನನ್ನು ಎದುರು ಹಾಕಿಕೊಂಡರೆ ಬಾಗಿಲು ತೆಗೆಯುವವರು ಯಾರು ಅಂತ ಅವನ ಭಯ. ಹಿಲ್ಡ್ ಐರಿಷ್ ಕಡೆಯವಳು. ಆದರೂ ತೀರ್ಮಾನ ಒಪ್ಪಿಕೊಂಡು ಮಠ ನಡೆಸಿಕೊಂಡು ಹೋದಳು. ನನಗೆ ಅವಳು ದೊಡ್ಡವಳಾಗಿ ಕಾಣುವುದು ಇಲ್ಲೇ.

ಇಳಿಯುವ ಮುಂಚೆ ಮೆಟ್ಟಿಲ ಬಾಯಲ್ಲಿರುವ ಕ್ಯಾಡ್ಮನ್ ಶಿಲುಬೆ ಹತ್ತಿರ ನಿಂತೆವು. 1898ರಲ್ಲಿ ನಿಲ್ಲಿಸಿದ ಎತ್ತರದ ಕಲ್ಲು. ಹಿಲ್ಡ್ ಅದರಲ್ಲಿ ಹಾವು ಮೆಟ್ಟಿ ನಿಂತಿದ್ದಾಳೆ. ಅವಳ ಕೆಳಗೆ ಕ್ಯಾಡ್ಮನ್. ಮಠದ ದನ ನೋಡಿಕೊಳ್ಳುತ್ತಿದ್ದವನು. ಊಟದ ಕೂಟದಲ್ಲಿ ಹಾಡುವ ಸರದಿ ಬರುತ್ತಿದೆ ಅಂದರೆ ನಾಚಿಕೆಯಿಂದ ಎದ್ದು ಹೋಗಿಬಿಡುತ್ತಿದ್ದ. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದಾಗ ಕನಸಲ್ಲಿ ಯಾರೋ ಹಾಡು ಅಂದರು, ಹಾಡಿದ. ಬೆಳಿಗ್ಗೆ ಹಿಲ್ಡ್ ಅವನನ್ನು ಕರೆಸಿ ಕೇಳಿದಳು. ನಗಲಿಲ್ಲ. ಮಠದ ಒಳಗೇ ಜಾಗ ಕೊಟ್ಟಳು. ಇಂಗ್ಲಿಷಿನಲ್ಲಿ ಹೆಸರು ಉಳಿದಿರುವ ಮೊದಲ ಕವಿ ಆ ದನಗಾಹಿ.

"ಏನ್ ಹಾಡಿದ್ನಂತೆ?" ಅಮ್ಮ ಕೇಳಿದಳು.

ಬಾಯಿಗೆ ಬಂದಷ್ಟು ಕನ್ನಡ ಮಾಡಿ ಹೇಳಿದೆ. ದೇವರು ಮನುಷ್ಯರ ಮಕ್ಕಳಿಗೆ ಮೊದಲು ಆಕಾಶವನ್ನು ಸೂರು ಮಾಡಿದ, ಆಮೇಲೆ ಭೂಮಿ ಮಾಡಿದ ಅಂತ.

ಅಮ್ಮ ತಿರುಗಿ ಮಠದ ಕಡೆ ನೋಡಿದಳು. ಚಾವಣಿಯಿಲ್ಲದ ಆ ಗೋಡೆಗಳ ಮೇಲೆ ಮೋಡ ಓಡುತ್ತಿತ್ತು.

"ಮೊದಲು ಸೂರು, ಆಮೇಲೆ ನೆಲಾನಾ?" ಅಂದಳು. ನನ್ನ ಕೈ ಹಿಡಿದುಕೊಂಡು ಒಂದು, ಎರಡು ಅಂತ ಎಣಿಸುತ್ತಾ ಇಳಿಯತೊಡಗಿದಳು.