ಮುಂಬಾಗಿಲಿಗೆ ಬೀಗ, ಹಿತ್ತಿಲಿಂದ ಅಪ್‌ಡೇಟ್

ಹೋದ ವಾರ ಒಂದು ಪುಟಾಣಿ ಪೈಥಾನ್ ಸ್ಕ್ರಿಪ್ಟ್ ನನ್ನ ಎರಡು ಸಂಜೆ ತಿಂದು ಹಾಕಿತು. ಕೆಲಸ ದೊಡ್ಡದೇನಲ್ಲ, ಡಿಕ್ಟ್ ಅಂದರೆ ಕೀ ಕೊಟ್ಟರೆ ಅದರ ವ್ಯಾಲ್ಯೂ ಕೊಡುವ ಪೈಥಾನ್ ಕೋಷ್ಟಕ, ಅದರಲ್ಲಿ ಊರಿನ ಹೆಸರು ಕೀ, ಪಿನ್‌ಕೋಡ್ ವ್ಯಾಲ್ಯೂ, ಅಷ್ಟೇ. ಪಿನ್‌ಕೋಡ್ ಅಂದಮೇಲೆ 6 ಅಂಕಿ ಇರಬೇಕು, ಸೊನ್ನೆಯಿಂದ ಶುರುವಾಗಬಾರದು. ಡಿಕ್ಟ್ ಮೇಲೆ ಒಂದು ಕ್ಲಾಸ್ ಕಟ್ಟಿ, ಒಂದೊಂದು ಜೋಡಿಯನ್ನು ಒಳಗಿಡುವ ಸೆಟ್‌ಐಟಮ್ ಮೆಥಡ್ ನಾನೇ ಬರೆದು, ಚೆಕ್ ಅದರೊಳಗೆ ಹಾಕಿದೆ. ಬೇಕಂತಲೇ 5 ಅಂಕಿ ಕೊಟ್ಟೆ. ವ್ಯಾಲ್ಯೂಎರರ್ ಬಂತು. ಖುಷಿ.

ಆಮೇಲೆ ಫೈಲಿನಲ್ಲಿದ್ದ ಪಟ್ಟಿಯನ್ನು ಅಪ್‌ಡೇಟ್ ಮೂಲಕ ಒಟ್ಟಿಗೇ ಸುರಿದೆ. ನೋಡಿದರೆ ಖಾಲಿ ಪಿನ್, ಯಾರೋ 'ಗೊತ್ತಿಲ್ಲ' ಅಂತ ಬರೆದ ಪಿನ್, ಎಲ್ಲಾ ಆರಾಮಾಗಿ ಒಳಗೆ ಕೂತಿವೆ! ಡಿಕ್ಟ್‌ನ ಅಪ್‌ಡೇಟ್ ಸಿ ಭಾಷೆಯಲ್ಲಿ ಬರೆದದ್ದು, ಅದು ನೇರವಾಗಿ ಒಳಗಿನ ಟೇಬಲ್‌ಗೇ ಬರೆಯುತ್ತದೆ, ನನ್ನ ಸೆಟ್‌ಐಟಮ್ ಕಡೆ ತಿರುಗಿಯೂ ನೋಡುವುದಿಲ್ಲ. ಸೆಟ್‌ಡೀಫಾಲ್ಟ್ (ಕೀ ಇಲ್ಲದಿದ್ದರೆ ಮಾತ್ರ ಹಾಕುವ ಮೆಥಡ್) ಕಥೆಯೂ ಅದೇ. ಡಿಕ್ಟ್ ಹುಟ್ಟುವಾಗಲೇ ಡೇಟಾ ಕೊಟ್ಟರೂ ಅದೇ.

ಇದಕ್ಕೆ ಕಲೆಕ್ಷನ್ಸ್ ಮಾಡ್ಯೂಲ್‌ನಲ್ಲಿ ಯೂಸರ್‌ಡಿಕ್ಟ್ ಇದೆ, ಡಿಕ್ಟ್ ಥರವೇ ನಡೆದುಕೊಳ್ಳುವ, ಡೇಟಾವನ್ನು ಒಳಗೊಂದು ಡಿಕ್ಟ್‌ನಲ್ಲಿ ಇಟ್ಟುಕೊಳ್ಳುವ ಕ್ಲಾಸ್. ಅದರ ಅಪ್‌ಡೇಟ್, ಸೆಟ್‌ಡೀಫಾಲ್ಟ್ ಎರಡೂ ಸೆಟ್‌ಐಟಮ್ ಮೂಲಕವೇ ಹೋಗುತ್ತವೆ. ಸರಿ ಅಂತ ಬದಲಾಯಿಸಿದೆ. ಡೇಟಾವನ್ನು ಜೇಸನ್ ಪಠ್ಯವಾಗಿ ಬರೆಯುವ ಜೇಸನ್ ಡಂಪ್ಸ್ ತಕ್ಷಣ ಮುನಿಸಿಕೊಂಡಿತು, ಯಾಕಂದ್ರೆ ಇದು ನಿಜವಾದ ಡಿಕ್ಟ್ ಅಲ್ವಲ್ಲ, ಹಾಗಾಗಿ ಬರೆಯುವ ಮುಂಚೆ ಡಿಕ್ಟ್ ಮಾಡಿ ಕೊಡಬೇಕು. ಅದು ಬಿಡಿ, ಪೈಥಾನ್ 3.9ರಲ್ಲಿ ಬಂದ, ಒಂದು ಡಿಕ್ಟ್‌ಗೆ ಇನ್ನೊಂದನ್ನು ಸೇರಿಸುವ ಪೈಪ್-ಈಕ್ವಲ್ (|=) ಆಪರೇಟರ್ ಇದೆಯಲ್ಲ, ಅದು ಯೂಸರ್‌ಡಿಕ್ಟ್‌ನಲ್ಲೂ ಒಳಗಿನ ಡೇಟಾಗೆ ಸೀದಾ ಬರೆಯುತ್ತದೆ. ಹಿತ್ತಿಲ ಬಾಗಿಲು ಮುಚ್ಚಿದರೆ ಕಿಟಕಿ ತೆರೆದಿದೆ. ಆ ಮೆಥಡ್ಡನ್ನೂ ಬರೆದು, ಅಪ್‌ಡೇಟ್‌ಗೇ ತಿರುಗಿಸಿದೆ.

ಇಷ್ಟು ಹೊತ್ತೂ ವ್ಯಾಲ್ಯೂ ಮಾತ್ರ ಕಾಯುತ್ತಿದ್ದೆ. ಕೀ ಕಡೆ ಗಮನವೇ ಇಲ್ಲ. ಎರಡನೇ ಸಂಜೆ ಪಟ್ಟಿಯಲ್ಲಿ ಕೊಪ್ಪಳ ಎರಡು ಸಲ ಕಂಡಿತು. ಡಿಕ್ಟ್‌ನಲ್ಲಿ ಒಂದೇ ಕೀ ಎರಡು ಸಲ ಇರೋದಕ್ಕೆ ಸಾಧ್ಯವೇ ಇಲ್ಲ, ಕಣ್ಣಿಗೆ ಎರಡೂ ಒಂದೇ, ತಲೆ ಕೆಟ್ಟು ಉದ್ದ ಅಳೆದೆ: ಒಂದು 6 ಚಿಹ್ನೆ, ಇನ್ನೊಂದು 7. ಒಂದರಲ್ಲಿ 'ಕೊ' ಅನ್ನೋದು ಕ ಮತ್ತು ಒತ್ವದ ಒಂದೇ ಚಿಹ್ನೆ, ಇನ್ನೊಂದರಲ್ಲಿ ಎತ್ವ, ಊತ್ವ ಬೇರೆ ಬೇರೆಯಾಗಿ ಕೂತಿವೆ. ಯೂನಿಕೋಡ್‌ನಲ್ಲಿ ಎರಡೂ ಸರಿಯೇ, ಆದರೆ ಪೈಥಾನ್‌ಗೆ ಇವು ಬೇರೆ ಬೇರೆ ಸ್ಟ್ರಿಂಗ್. ಕನ್ನಡದ ಕೀ ಇಟ್ಟುಕೊಳ್ಳುವವರು ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್‌ನಲ್ಲಿ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪ) ಹಾಕಿ ಕೀಯನ್ನು ಮೊದಲು ಒಂದೇ ರೂಪಕ್ಕೆ ತರಬೇಕು. ಹಾಕುವಾಗ ಮಾತ್ರ ಅಲ್ಲ, ಹುಡುಕುವಾಗಲೂ. ನಾನು ಹಾಕುವಾಗ ಮಾತ್ರ ಮಾಡಿದ್ದೆ, ಆಮೇಲೆ ಹಳೇ ಫೈಲಿನ, ಬಿಡಿ ಚಿಹ್ನೆಯ ಕೊಪ್ಪಳ ಕೇಳಿದರೆ ಕೀಎರರ್, ಅಂದರೆ ಅಂಥ ಕೀ ಇಲ್ಲವಂತೆ.