ಸಾಲಾರ್ ಜಂಗ್ ನೋಡಲು ಹೊರಟವರಿಗೆ

ಬೀದರಿನಿಂದ ಹೈದರಾಬಾದಿಗೆ ಬಸ್ಸು ಹತ್ತಿದರೆ ಇಳಿಯುವುದು ಇಮ್ಲಿಬನ್‌ನಲ್ಲಿ. ಅಲ್ಲಿಂದ ಆಟೋ ಹಿಡಿದು ಮೂಸಿ ನದಿ ದಾಟಿದರೆ ಸಾಲಾರ್ ಜಂಗ್ ಮ್ಯೂಸಿಯಂ ಬಂದೇಬಿಡುತ್ತದೆ. ಶುಕ್ರವಾರ ಮಾತ್ರ ಹೋಗಬೇಡಿ, ಅಂದು ರಜೆ. ಮೊದಲ ಸಲ ನಾವು ಇದು ಗೊತ್ತಿಲ್ಲದೆ ಗೇಟಿನಿಂದಲೇ ಹಿಂದಿರುಗಿದ್ದೆವು. ಈ ಸಲ ಬುಧವಾರ ಹೋದೆವು, ವಯಸ್ಸಾದ ಅತ್ತೆಯವರನ್ನೂ ಕರೆದುಕೊಂಡು.

ನಿಜಾಮರ ಬಳಿ ಕೆಲಕಾಲ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್, ಆ ಹುದ್ದೆ ಬಿಟ್ಟ ಮೇಲೆ 1949ರಲ್ಲಿ ತೀರಿಕೊಳ್ಳುವವರೆಗೂ ಯುರೋಪು, ಚೀನಾ, ಜಪಾನ್, ಪರ್ಷಿಯಾಗಳ ವಸ್ತುಗಳನ್ನು ಕೂಡಿಹಾಕುತ್ತಲೇ ಇದ್ದರು. ಎಲ್ಲವನ್ನೂ ಒಂದೇ ದಿನ ನೋಡುತ್ತೇನೆಂದರೆ ಕಾಲು ಸೋತು ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ನಾಲ್ಕೈದು ಕೋಣೆಗಳನ್ನು ಆರಿಸಿಕೊಳ್ಳಿ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಬೈಬಲ್ ಕಥೆಯ, ಮುಸುಕು ಹೊದ್ದ ರೆಬೆಕ್ಕಾ ಇರುವಲ್ಲಿಗೆ ನಡೆಯಿರಿ. ಇಟಲಿಯ ಬೆಂಜೋನಿ ಕೆತ್ತಿದ ಅಮೃತಶಿಲೆಯ ಮೂರ್ತಿ. 1876ರಲ್ಲಿ ಮೂರನೆಯವರ ಅಜ್ಜ ಮೊದಲನೇ ಸಾಲಾರ್ ಜಂಗ್ ರೋಮ್‌ನಿಂದ ತಂದದ್ದು. ಮುಸುಕಿನೊಳಗಿನ ಮೂಗು, ತುಟಿ, ಬಾಗಿದ ರೆಪ್ಪೆ ಎಲ್ಲ ಕಾಣುತ್ತವೆ. ಮುಸುಕೂ ಕಲ್ಲೇ, ಮುಖವೂ ಕಲ್ಲೇ ಎಂಬುದನ್ನು ಕಣ್ಣು ಒಪ್ಪುವುದಿಲ್ಲ. ಶಾಲೆ ಮಕ್ಕಳ ಸಾಲು ಬರುವ ಮೊದಲು ಒಂದು ಸುತ್ತು ಹಾಕಿ ನೋಡಿ.

ಮಧ್ಯಾಹ್ನ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗಲೇ ಸಂಗೀತ ಗಡಿಯಾರದ ಮುಂದೆ ಜಾಗ ಹಿಡಿಯಿರಿ. ಒಳಗಿನ ಪುಟ್ಟ ಕಮ್ಮಾರ ಸೆಕೆಂಡಿಗೊಂದು ಸುತ್ತಿಗೆ ಏಟು ಹಾಕುತ್ತಿರುತ್ತಾನೆ. ಸಮಯಕ್ಕೆ ಸರಿಯಾಗಿ ಗಡ್ಡದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. ಹನ್ನೆರಡಕ್ಕೆ ಹೋದರೆ ಹನ್ನೆರಡು ಏಟು ಕೇಳಬಹುದು, ಒಂದು ಗಂಟೆಗೆ ಹೋದರೆ ಒಂದೇ! ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ.

ಆಮೇಲೆ ದಂತದ ಕೋಣೆ. ಫ್ರಾನ್ಸಿನ ದೊರೆ 16ನೇ ಲೂಯಿ ಟಿಪ್ಪು ಸುಲ್ತಾನನಿಗೆ ಕಳಿಸಿದ್ದೆಂದು ಹೇಳುವ ಕುರ್ಚಿಗಳು ಅಲ್ಲಿವೆ. ಜೇಡ್ ಕಲ್ಲಿನ ವಿಭಾಗದಲ್ಲಿ ನೂರ್‌ಜಹಾನಳ ಹಣ್ಣು ಕತ್ತರಿಸುವ ಚಾಕು ಇದೆ. ಪಾಶ್ಚಾತ್ಯ ಚಿತ್ರಗಳನ್ನು ನಾವು ಬೇಗ ಮುಗಿಸಿದೆವು. ನನಗೆ ಅಲ್ಲಿ ಅಷ್ಟು ರುಚಿಸಲಿಲ್ಲ.

ಬಿದರಿ ವಿಭಾಗಕ್ಕೆ ಮಾತ್ರ ಅರ್ಧ ಗಂಟೆ ಇಟ್ಟುಕೊಳ್ಳಿ, ನಮ್ಮ ಕಡೆಯವರಂತೂ ಇಟ್ಟುಕೊಳ್ಳಲೇಬೇಕು. ಹುಕ್ಕಾದ ಬುಡ, ಎಲೆ-ಅಡಿಕೆ ಇಡುವ ಪಾನ್‌ದಾನ್, ಹೂಜಿಗಳು. ಸತು-ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದ ಕೆಲಸ. ಅತ್ತೆ ಒಂದು ಪಾನ್‌ದಾನದ ಮುಂದೆ ನಿಂತವರು ಕದಲಲೇ ಇಲ್ಲ. “ನಮ್ಮ ತವರಲ್ಲಿ ಇಂಥದ್ದೇ ಇತ್ತು, ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಒರೆಸ್ತಿದ್ಲು” ಅಂದರು. ಆ ಮುಚ್ಚಳದ ಬೆಳ್ಳಿಬಳ್ಳಿ ಕೂದಲೆಳೆಯಷ್ಟು ಸಣ್ಣದಿತ್ತು.

ಚಾರ್ಮಿನಾರ್ ಹತ್ತಿರವೇ ಇದೆ, ಆದರೆ ಅದೇ ದಿನ ಹಿರಿಯರನ್ನು ಅಲ್ಲಿಗೆ ನಡೆಸಬೇಡಿ. ನಾವು ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಮುಗಿಸಿ ಸಂಜೆಯ ಬಸ್ಸಿಗೇ ಮರಳಿದೆವು.