ಬೀಪ್ ಅಂದ ಮಾತ್ರಕ್ಕೆ ವಜ್ರ ಅಲ್ಲ

ವಿರಾಜಪೇಟೆಯ ಒಂದು ಚಿನ್ನದಂಗಡಿಯ ಕೌಂಟರ್‌ನಲ್ಲಿ ನನ್ನ ಕೆಲಸ. ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂತು ಅಂದರೆ ನಮಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಮೊದಲೆಲ್ಲ ನಿಶ್ಚಿತಾರ್ಥಕ್ಕೆ ಬರೀ ಚಿನ್ನದ ಉಂಗುರ ಕೇಳುತ್ತಿದ್ದರು, ಹೆಚ್ಚೆಂದರೆ ಒಂದು ಸಣ್ಣ ವಜ್ರ. ಈಗ ಹುಡುಗ ಹುಡುಗಿ ಫೋನ್ ಹಿಡಿದು ಬಂದು "ಅಕ್ಕಾ, ಮೊಯ್ಸನೈಟ್ ಇದೆಯಾ?" ಅಂತ ನೇರವಾಗಿ ಕೇಳುತ್ತಾರೆ. ಜೊತೆಗೆ ಬಂದ ಹಿರಿಯರ ಮುಖದಲ್ಲಿ ಮಾತ್ರ 'ಅದೇನದು?' ಅನ್ನುವ ಪ್ರಶ್ನೆ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವುದೇ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ.

ಮೊಯ್ಸನೈಟ್ ಅಂದರೆ ಸಿಲಿಕಾನ್ ಕಾರ್ಬೈಡ್. 1893ರಲ್ಲಿ ಫ್ರಾನ್ಸಿನ ವಿಜ್ಞಾನಿ ಆನ್ರಿ ಮೊಯ್ಸನ್ ಅಮೆರಿಕದ ಅರಿಜೋನಾದಲ್ಲಿ ಉಲ್ಕೆ ಬಿದ್ದ ಕುಳಿಯ ಚೂರುಗಳಲ್ಲಿ ಇದನ್ನು ಕಂಡರು. ಮೊದಲು ಅವರೂ ವಜ್ರ ಅಂದುಕೊಂಡಿದ್ದರು. ಅಲ್ಲ ಅಂತ ಗೊತ್ತಾಗಿದ್ದು 1904ರಲ್ಲಿ. ಹಾಗಾಗಿ ಯಾರದಾದರೂ ಅತ್ತೆ ಇದನ್ನು ನೋಡಿ ವಜ್ರ ಅಂದರೆ ನನಗೆ ನಗು ಬರುವುದಿಲ್ಲ, ಮುಂದೆ ನೊಬೆಲ್ ಪಡೆದವರಿಗೇ ಹಾಗೆ ಕಂಡಿತ್ತು! ಈಗ ಉಂಗುರಕ್ಕೆ ಸಿಗುವುದೆಲ್ಲ ಲ್ಯಾಬ್‌ನಲ್ಲಿ ಬೆಳೆಸಿದ ಕಲ್ಲು. ಗಟ್ಟಿತನದಲ್ಲಿ ವಜ್ರಕ್ಕೆ 10 ಅಂದರೆ ಇದಕ್ಕೆ 9.25, ನೀಲಕ್ಕೆ 9. ದಿನಾ ಹಾಕಿಕೊಂಡರೂ ಸುಲಭವಾಗಿ ಗೀರು ಬೀಳುವುದಿಲ್ಲ. ಅಮೆರಿಕನ್ ಡೈಮಂಡ್ ಅಂತ ಕರೆಯುವ ಜಿರ್ಕೋನಿಯಾ ಕಲ್ಲು ಬೇರೆ. ಅದು ಇದಕ್ಕಿಂತ ಮೆತ್ತಗೆ, ಕೆಲವು ವರ್ಷ ಬಳಸಿದ ಮೇಲೆ ಮಬ್ಬಾಗುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಬೆಲೆ ಕೇಳುವವರು ಈಗಲೂ ಬಹಳ.

ಒಂದು ಸಲ ಗೋಣಿಕೊಪ್ಪ ಕಡೆಯ ದಂಪತಿ ಒಂದು ಉಂಗುರ ತಂದರು. ಎಲ್ಲೋ ಆನ್‌ಲೈನ್‌ನಲ್ಲಿ ವಜ್ರ ಅಂತ ಕೊಂಡಿದ್ದಂತೆ. "ಟೆಸ್ಟರ್ ಇಟ್ಟು ನೋಡಿದ್ದೀವಿ ಮೇಡಂ, ಬೀಪ್ ಅಂತು, ವಜ್ರವೇ. ಸೈಜ್ ಮಾತ್ರ ಚಿಕ್ಕದು ಮಾಡಿಕೊಡಿ" ಅಂದರು. ನಾನು ನಮ್ಮ ಟೆಸ್ಟರ್ ಇಟ್ಟೆ. ಬೀಪ್ ಅಂತು. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕಣ್ಣಿಗೆ ಹಿಡಿದು ಕಲ್ಲನ್ನು ಸ್ವಲ್ಪ ಓರೆ ಮಾಡಿದೆ. ಮೇಲಿನಿಂದ ನೇರವಾಗಿ ನೋಡಿದಾಗ ಒಂದೊಂದೇ ಕಾಣುತ್ತಿದ್ದ ಹಿಂಬದಿಯ ಅಂಚುಗಳು ಓರೆಯಲ್ಲಿ ಎರಡೆರಡಾಗಿ ಕಂಡವು. ವಜ್ರದಲ್ಲಿ ಹೀಗೆ ಕಾಣುವುದಿಲ್ಲ. ಮೊಯ್ಸನೈಟ್ ಒಳಗೆ ಹೋದ ಬೆಳಕು ಎರಡಾಗಿ ಒಡೆಯುತ್ತದೆ, ಅದಕ್ಕೆ ಗೆರೆಯೂ ಎರಡು. ಲೂಪ್ ಅವರ ಕೈಗೇ ಕೊಟ್ಟೆ. ಮೊದಲು ಗಂಡ ನೋಡಿದರು, ಆಮೇಲೆ ಹೆಂಡತಿ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೋಸ ಇದ್ದದ್ದು ಟೆಸ್ಟರಿನಲ್ಲಲ್ಲ. ಸಾಮಾನ್ಯವಾಗಿ ಸಿಗುವ ಪೆನ್ನಿನಂಥ ಟೆಸ್ಟರ್ ಅಳೆಯುವುದು ಕಲ್ಲು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಅನ್ನುವುದನ್ನು. ವಜ್ರವೂ ಬೇಗ ಸಾಗಿಸುತ್ತದೆ, ಮೊಯ್ಸನೈಟ್ ಕೂಡ ಬೇಗ ಸಾಗಿಸುತ್ತದೆ. ಜಿರ್ಕೋನಿಯಾ ಅಷ್ಟು ಬೇಗ ಸಾಗಿಸುವುದಿಲ್ಲ, ಅದಕ್ಕೆ ಪೆನ್ನು ಸುಮ್ಮನಿರುತ್ತದೆ. ವಜ್ರ ಮತ್ತು ಮೊಯ್ಸನೈಟ್ ಬೇರೆ ಮಾಡಬೇಕಾದರೆ ಕರೆಂಟ್ ಹರಿಯುವುದನ್ನೂ ನೋಡುವ ಟೆಸ್ಟರ್ ಬೇಕು, ಇಲ್ಲವೇ ಲೂಪ್ ಮತ್ತು ಪಳಗಿದ ಕಣ್ಣು. ಅಂಗಡಿಯವರು ಬೀಪ್ ಕೇಳಿಸಿ "ನೋಡಿ, ಪಾಸಾಯ್ತು" ಅಂದರೆ ಅದು ವಜ್ರವೇ ಅಂತ ಗೊತ್ತಾದಂತೆ ಅಲ್ಲ.

ಇದರ ಇನ್ನೊಂದು ಮುಖ ಇದೆ. ಮದುವೆ ಗಂಡುಗಳು ಕೆಲವರು ಕೌಂಟರ್ ಮೇಲೆ ಬಾಗಿ ಮೆಲ್ಲಗೆ "ಅಕ್ಕಾ, ಮನೆಯವರ ಎದುರು ವಜ್ರ ಅಂತಲೇ ಹೇಳಿಬಿಡಿ" ಅನ್ನುತ್ತಾರೆ. ನಾನು ಹೇಳುವುದಿಲ್ಲ. ಬಿಲ್ಲಿನಲ್ಲಿ 'ಮೊಯ್ಸನೈಟ್' ಅಂತ ಬರೆದೇ ಬರೆಯುತ್ತೇನೆ, ಹುಡುಗಿ ಎದುರಿಗಿದ್ದರೆ ಬಾಯಿಬಿಟ್ಟೂ ಹೇಳುತ್ತೇನೆ. ಎರಡು ಗಿರಾಕಿ ತಪ್ಪಿ ಹೋದರೂ ಪರವಾಗಿಲ್ಲ. ಕೊಡಗು ಚಿಕ್ಕ ಜಿಲ್ಲೆ. ಇವತ್ತು ಇಲ್ಲಿ ಕೊಂಡ ಉಂಗುರ ನಾಳೆ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಇನ್ನೊಬ್ಬರ ಲೂಪ್ ಕೆಳಗೆ ಹೋಗುತ್ತದೆ.

ಹಿರಿಯರ ಪ್ರಶ್ನೆ ಇದಕ್ಕಿಂತ ನೇರ. ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಅಜ್ಜಿ ಉಂಗುರ ತಿರುಗಿಸಿ ನೋಡಿ "ಕಷ್ಟಕ್ಕೆ ಬ್ಯಾಂಕಲ್ಲಿ ಇಟ್ರೆ ಈ ಕಲ್ಲಿಗೆ ಎಷ್ಟು ಕೊಡ್ತಾರೆ?" ಅಂದರು. "ಏನೂ ಇಲ್ಲ ಅಮ್ಮ, ಚಿನ್ನಕ್ಕೆ ಮಾತ್ರ" ಅಂದೆ. ಚಿನ್ನದ ಸಾಲಕ್ಕೆ ಕಲ್ಲಿನ ತೂಕ ಕಳೆದೇ ಲೆಕ್ಕ ಹಾಕುತ್ತಾರೆ. ಮಾರಲು ಹೋದರೂ ಮೊಯ್ಸನೈಟಿಗೆ ಹೇಳಿಕೊಳ್ಳುವಂಥ ಬೆಲೆ ಬರುವುದಿಲ್ಲ. ಅಜ್ಜಿ ಸ್ವಲ್ಪ ಯೋಚಿಸಿ, "ಹಾಗಾದ್ರೆ ಕಲ್ಲಿಗೆ ಕಮ್ಮಿ ಹಾಕಿ, ಉಳಿದಿದ್ದನ್ನ ಜೋಮಾಲೆಗೆ ಸೇರಿಸಿ" ಅಂದರು. ನನ್ನ ಅಭಿಪ್ರಾಯವೂ ಅದೇ. ಕೊಡವರ ಕುತ್ತಿಗೆಯ ಒಡವೆಗಳಾದ ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಮಗಳಿಂದ ಮೊಮ್ಮಗಳಿಗೆ ಹೋಗುವ ಒಡವೆ. ಅದರಲ್ಲಿ ಉಳಿತಾಯ ಹುಡುಕಬೇಡಿ. ಉಂಗುರ ಇಷ್ಟಕ್ಕೆ ಕೊಳ್ಳುವಂಥದ್ದು, ಅಲ್ಲಿ ಮೊಯ್ಸನೈಟ್ ಹಾಕಿದರೆ ಏನೂ ಕಮ್ಮಿಯಾಗುವುದಿಲ್ಲ.

ಕಲ್ಲನ್ನು ಕ್ಯಾರೆಟ್ ಲೆಕ್ಕದಲ್ಲಿ, ಅಂದರೆ ತೂಕದಲ್ಲಿ, ಕೇಳಬೇಡಿ, ಮಿಲಿಮೀಟರ್ ಕೇಳಿ. ಕಾಫಿ ಬೀಜಕ್ಕೆ ಜರಡಿಯ ತೂತಿನ ಅಳತೆ ಇದ್ದ ಹಾಗೆ. ಮೊಯ್ಸನೈಟ್ ವಜ್ರಕ್ಕಿಂತ ಹಗುರ. 6.5 ಮಿಲಿಮೀಟರಿನ ದುಂಡನೆಯ ವಜ್ರ ಸುಮಾರು 1 ಕ್ಯಾರೆಟ್ ತೂಗಿದರೆ, ಅದೇ ಅಳತೆಯ ಮೊಯ್ಸನೈಟ್ ಸುಮಾರು 0.88 ಕ್ಯಾರೆಟ್ ತೂಗುತ್ತದೆ. '1 ಕ್ಯಾರೆಟ್' ಅಂತ ಬರೆದಿದ್ದರೆ ಅದು ನಿಜವಾದ ತೂಕವೋ, ವಜ್ರಕ್ಕೆ ಹೋಲಿಸಿದ ಅಳತೆಯೋ ಅಂತ ಕೇಳಿ. ತೀರಾ ದೊಡ್ಡದಕ್ಕೂ ಹೋಗಬೇಡಿ. ಬೆಳಕನ್ನು ಬಣ್ಣಬಣ್ಣವಾಗಿ ಚೆಲ್ಲುವುದರಲ್ಲಿ ಈ ಕಲ್ಲು ವಜ್ರವನ್ನು ಎರಡು ಪಟ್ಟಿಗೂ ಜಾಸ್ತಿ ಮೀರಿಸುತ್ತದೆ. ಐದೂವರೆ, ಆರು ಮಿಲಿಮೀಟರಿನಲ್ಲಿ ಅದು ಚೆಂದ. ಎಂಟು ದಾಟಿದರೆ ಬಿಸಿಲಿನಲ್ಲಿ ಕಾಮನಬಿಲ್ಲು ಜಾಸ್ತಿಯಾಗಿ, ನನ್ನ ಕಣ್ಣಿಗಂತೂ ಡಿಸ್ಕೋ ಲೈಟ್!

ಕಲ್ಲಿಗಿಂತ ಅದನ್ನು ಕೂರಿಸಿರುವ ರೀತಿಗೆ ಜಾಸ್ತಿ ಹೊತ್ತು ಕೊಡಿ ಅನ್ನುತ್ತೇನೆ. ಫೋನಿನಲ್ಲಿ ತೋರಿಸುವ ಚಿತ್ರಗಳಲ್ಲೆಲ್ಲ ಕಲ್ಲು ಎತ್ತರದಲ್ಲಿ, ನಾಲ್ಕು ಸಪೂರ ಕಾಲುಗಳ ಮೇಲೆ. ತೋಟದ ಮನೆಗೆ ಹೋಗುವ ಹುಡುಗಿ ಕಾಫಿ ಗಿಡದ ನಡುವೆ ಕೈ ಹಾಕುತ್ತಾಳೆ, ಗ್ಲೌಸ್ ಹಾಕಿ ತೆಗೆಯುತ್ತಾಳೆ, ಸ್ವೆಟರ್ ತೋಳಿನೊಳಗೆ ಕೈ ತೂರಿಸುತ್ತಾಳೆ. ಎತ್ತರದ ಕಾಲು ಎಲ್ಲದಕ್ಕೂ ಸಿಕ್ಕಿಕೊಳ್ಳುತ್ತದೆ. ಒಂದು ಕಾಲು ಸ್ವಲ್ಪ ಬಾಗಿದರೂ ಸಾಕು, ಕಲ್ಲು ಎಲ್ಲಿ ಬಿತ್ತು ಅಂತಲೂ ಗೊತ್ತಾಗುವುದಿಲ್ಲ. ಅಂಥವರಿಗೆ ಕಲ್ಲನ್ನು ತಗ್ಗಿಸಿ, ಸುತ್ತ ಚಿನ್ನದ ಅಂಚು ಕಟ್ಟಿದ ಉಂಗುರ ತೋರಿಸುತ್ತೇನೆ. ಕಾಲುಗಳ ಮೇಲೆ ಕಲ್ಲು ಕೂರಿಸಿದ ಉಂಗುರವೇ ಬೇಕು ಅಂದರೆ ನಾಲ್ಕರ ಬದಲು ಆರು ಕಾಲಿನದು. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ಅನ್ನುವುದು ನಮ್ಮ ಅಕ್ಕಸಾಲಿಗರ ಉಪಾಯ. ಟಿಕ್ ಟಿಕ್ ಅಂದರೆ ಕಲ್ಲು ಸಡಿಲ.

ಚಿನ್ನ 22 ಕ್ಯಾರೆಟ್ಟೇ ಬೇಕು ಅಂತ ಮನೆಯವರು ಹಟ ಹಿಡಿಯುತ್ತಾರೆ. ಅದು ಮೆತ್ತಗೆ, ಕಲ್ಲು ಹಿಡಿಯುವ ಕಾಲಿಗೆ ಆಗಿಬರುವುದಿಲ್ಲ. 18 ಕ್ಯಾರೆಟ್ ಒಳ್ಳೆಯದು, ಹಾಲ್‌ಮಾರ್ಕ್‌ನಲ್ಲಿ 750 ಅಂತ ಇರುತ್ತದೆ. ಜೊತೆಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯ ಗುರುತು ಸಂಖ್ಯೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಲ್ಲೇ ನಿಂತು ಹಾಕಿ ನೋಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಆ ಮುದ್ರೆ ಚಿನ್ನದ್ದು, ಕಲ್ಲಿನದ್ದಲ್ಲ. ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಚಿನ್ನದ ತೂಕ ಬೇರೆ ಇರಬೇಕು. ಉಂಗುರ 4.20 ಗ್ರಾಂ, ಅದರಲ್ಲಿ ಆ 0.88 ಕ್ಯಾರೆಟ್ ಕಲ್ಲು ಅಂದರೆ ಸುಮಾರು 0.18 ಗ್ರಾಂ. ಚಿನ್ನದ ರೇಟು ಹಾಕಬೇಕಾದ್ದು 4.02 ಗ್ರಾಮಿಗೆ. ಮಜೂರಿಯೂ ಯಾವ ತೂಕದ ಮೇಲೆ ಅಂತ ಕೇಳಿ.

ಮನೆಗೆ ಹೋದ ಮೇಲೆ ಹೆಚ್ಚು ಕಾಟ ಕೊಡುವುದು ಜಿಡ್ಡು. ಪಂದಿ ಕರಿಗೆ ಮಸಾಲೆ ಕಲಸುವಾಗ, ತಲೆಗೆ ಎಣ್ಣೆ ಹಚ್ಚುವಾಗ ಉಂಗುರ ತೆಗೆದಿಡಿ. ಮಂಕಾದರೆ ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆಯ ಬ್ರಷ್ ಸಾಕು. ಮೇಲೆ ಎಣ್ಣೆ ಹರಡಿದಂಥ ಬಣ್ಣದ ಪೊರೆ ಕಂಡರೆ ಕಲ್ಲು ಕೆಟ್ಟಿತು ಅಂತ ಗಾಬರಿಯಾಗಬೇಡಿ, ಅಂಗಡಿಗೆ ತಂದರೆ ಪಾಲಿಶ್ ಮಾಡಿ ತೆಗೆಯುತ್ತೇವೆ.

ಬೆರಳಿನ ಅಳತೆಯನ್ನು ಬೆಳಗಿನ ಚಳಿಯಲ್ಲಿ ಕೊಡಬೇಡಿ. ಆಗ ಬೆರಳು ಸಣಕಲಾಗಿರುತ್ತದೆ. ಮಧ್ಯಾಹ್ನ ಬನ್ನಿ, ಗೆಣ್ಣು ದಾಟುವಾಗ ಸ್ವಲ್ಪ ಬಿಗಿ ಅನ್ನಿಸುವ ಅಳತೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಏಪ್ರಿಲ್ ಸೆಕೆಗೆ ಹಿಡಿಯುವ ಉಂಗುರ ಜುಲೈ ಮಳೆಗೆ ಜಾರುತ್ತದೆ.